ಯಕ್ಷಗಾನದ ಗ್ರೂಪಿನಲ್ಲಿ ಅಡಿಕೆ ಧಾರಣೆ

ಜುಲೈ 12, 2025, ಶನಿವಾರ

ಮಧ್ಯಾಹ್ನ ಮಾಸ್ಟ್ರ ಫೋನ್ ಬಂತು. ನಮ್ಮ ಯಕ್ಷಗಾನದ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಅವರೇ. ಅವರು ಫೋನ್ ಮಾಡುವವರೇ ಅಲ್ಲ. ಏನಿದ್ದರೂ ಉದ್ದದ ವಾಯ್ಸ್ ಮೆಸೇಜ್ ಹಾಕಿ ಸುಮ್ಮನಿರುವ ಜನ. ಹಾಗಾಗಿ ಎತ್ತುವಾಗಲೇ ಸ್ವಲ್ಪ ಗಾಬರಿ.

"ಎಂತ ಮಾಸ್ಟ್ರೇ, ಸೌಖ್ಯವಾ?"

"ಸೌಖ್ಯವೇ. ಮಳೆ ಬಿಡುವುದಿಲ್ಲ, ಅಷ್ಟೇ. ಅಲ್ಲ ಮಾರಾಯ್ತಿ, ಈ ಗ್ರೂಪನ್ನು ಎಂತ ಮಾಡುವುದು ಹೇಳು."

ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಬೀಗ ಜಡಿದುಬಿಡಲಾ ಅಂತ ಅವರ ಪ್ರಶ್ನೆ. ಇದನ್ನು ಅವರು ಆಗಾಗ ಹೇಳುವುದುಂಟು, ಆದರೆ ಇವತ್ತು ದನಿಯಲ್ಲಿ ಸಿಟ್ಟಿರಲಿಲ್ಲ. ಬೇಜಾರಿತ್ತು. ಸಿಟ್ಟಾಗಿದ್ದರೆ ನಾನು ನಕ್ಕು ಬೇರೆ ಮಾತಿಗೆ ಹೋಗುತ್ತಿದ್ದೆ.

ಆದದ್ದು ಇಷ್ಟು. ಬೆಳಿಗ್ಗೆ ಒಬ್ಬ ಹುಡುಗ, ಕಾಲೇಜಿನವನಿರಬೇಕು, ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದ. ಅವನ ಊರಿನ ಭಜನಾ ಮಂದಿರದಲ್ಲಿ ತಾಳಮದ್ದಲೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪ್ರಸಂಗ, ಅಂದರೆ ಕಥೆ, ವಾಲಿ ಮೋಕ್ಷ. ಇವನದ್ದು ರಾಮ. ಇಷ್ಟು ದೊಡ್ಡ ಅರ್ಥ, ಅಂದರೆ ಪಾತ್ರದ ಮಾತು, ಹೇಳುವುದು ಇದೇ ಮೊದಲು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ ಅಂತ ವಾಲಿ ಕೇಳಿದಾಗ ಯಾವ ಉತ್ತರದಿಂದ ಶುರು ಮಾಡಲಿ, ಹಿರಿಯರು ತಿಳಿಸಬೇಕು ಅಂತ ಬರೆದಿದ್ದ. ಕೊನೆಗೆ ಕೈಮುಗಿದ ಚಿತ್ರ.

ಅದರ ಕೆಳಗೆ ಬಂದದ್ದು: ಕೊಳೆರೋಗ ಹಿಡಿದ ಅಡಿಕೆ ಗೊನೆಯ ಫೋಟೋ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿ, ಕರಿಗೋಟು ಅಂತ ಅಡಿಕೆಯ ಒಂದೊಂದು ಬಗೆಗೂ ಇವತ್ತಿನ ಧಾರಣೆಯ ಪಟ್ಟಿ. ಸೂರ್ಯಕಾಂತಿ ಹೂವಿನ ಮೇಲೆ ಶುಭೋದಯ. ಮಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಮಾರಾಟಕ್ಕೆ. ಇನ್ನೊಂದು ಕೊಳೆ ಗೊನೆ. ನಾನು ಹತ್ತು ಗಂಟೆಗೆ ಮೇಲೆ ಸರಿಸಿ ನೋಡಿದಾಗ ಪ್ರಶ್ನೆ ಇದ್ದ ಜಾಗದಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ" ಅಂತಿತ್ತು.

"ಸ್ನಾನ ಮಾಡಿ ಬಂದು ನಿಧಾನಕ್ಕೆ ಬರೆಯುವ ಅಂತ ಇದ್ದೆ" ಎಂದರು ಮಾಸ್ಟ್ರು. "ಬಂದು ನೋಡುವಾಗ ಇಲ್ಲ. ನಾಚಿಕೆ ಆಗಿರಬೇಕು ಅವನಿಗೆ. ಇಷ್ಟು ಜನರ ಎದುರು ಕೇಳಿ ಒಬ್ಬನೂ ಬಾಯಿ ಬಿಡದಿದ್ದರೆ ಯಾರಿಗಾದರೂ ಹಾಗೇ."

"ಅವನಿಗೆ ನೀವೇ ಫೋನ್ ಮಾಡಿ ಹೇಳಬಹುದಲ್ಲಾ?"

"ನಾನು ಹೇಳಿದರೆ ಅದು ಪಾಠ ಆಗ್ತದೆ. ಅವನಿಗೆ ಬೇಕಾದ್ದು ಪಾಠ ಅಲ್ಲ. ನಾಲ್ಕು ಜನ ಅವನ ಎದುರು ಜಗಳ ಆಡಬೇಕು. ಒಬ್ಬ ರಾಮನ ಪರ, ಒಬ್ಬ ವಾಲಿಯ ಪರ. ಆಗ ಅವನಿಗೆ ಎಲ್ಲಿ ಏಟು ಬೀಳ್ತದೆ ಅಂತ ಗೊತ್ತಾಗ್ತದೆ."

ಇದು ಹೊರಗಿನವರಿಗೆ ಅರ್ಥ ಆಗುವುದು ಕಷ್ಟ. ಯಕ್ಷಗಾನದ ಗ್ರೂಪ್ ಅಂದರೆ ಆಟ (ಪ್ರದರ್ಶನ) ಎಲ್ಲಿ, ವೇಷ ಯಾರದ್ದು ಅಂತ ತಿಳಿಸಲಿಕ್ಕೆ ಇರುವುದು ಅಂದುಕೊಳ್ಳುತ್ತಾರೆ. ಅದಕ್ಕಾದರೆ ಒಂದು ಬೋರ್ಡ್ ಸಾಕು. ನಮ್ಮ ಗ್ರೂಪ್ ಹುಟ್ಟಿದ್ದೇ ಜಗಳಕ್ಕೆ. 2016ರಲ್ಲಿ, ವಾಟ್ಸಾಪಿನವರು ಒಂದು ಗ್ರೂಪಿಗೆ 256 ಜನ ಅಂತ ಮಿತಿ ಏರಿಸಿದ ವರ್ಷ, ಮಾಸ್ಟ್ರು ಶುರು ಮಾಡಿದ್ದು. ಆ ಮಿತಿಯ ಕಾಲು ಭಾಗ ಜನವೂ ಇರಲಿಲ್ಲ. ಕಾಸರಗೋಡಿನ ಅಜ್ಜ ಹಳೆ ಕ್ಯಾಸೆಟ್‌ನಿಂದ ಒಂದು ಪದ್ಯ ಮೊಬೈಲಿಗೆ ಹಿಡಿದು ಹಾಕುವುದು, ಕೆಳಗೆ "ರಾಗ ಯಾವುದು?" ಎಂದು ಮಾತ್ರ ಕೇಳುವುದು. ಅಷ್ಟು ಸಾಕು. ರಾತ್ರಿ ಊಟದ ಹೊತ್ತಿಗೆ ಎರಡು ಪಕ್ಷ ಆಗಿರುತ್ತಿತ್ತು. ನಾನು ಬಿಎಂಟಿಸಿ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಅದೇ ಎರಡು ಸಾಲನ್ನು ಮತ್ತೆ ಮತ್ತೆ ಕೇಳುತ್ತಾ ಮನೆಗೆ ಬರುತ್ತಿದ್ದೆ. ಸೀಟಿ ಹೊಡೆದ ಹಾಗೆ ಕ್ಯಾಸೆಟ್ಟಿನ ಸದ್ದು, ಹಿಂದೆ ಯಾರದೋ ಕೆಮ್ಮು, ಮದ್ದಳೆಯ ಒಂದು ಪೆಟ್ಟು ಸರಿಯಾಗಿ ಆ ಕೆಮ್ಮಿನ ಮೇಲೆ.

ಹೊಸಬರು ಬಂದರೆ ಮಾಸ್ಟ್ರು ಖಾಸಗಿಯಾಗಿ ಮಾತಾಡಿ ರೀತಿ ರಿವಾಜು ಹೇಳಿಕೊಡುತ್ತಿದ್ದರು. ಕಲಾವಿದರ ಮನೆ ವಿಷಯ ಬೇಡ. ತೆಂಕು ಶೈಲಿ ಮೇಲೋ ಬಡಗು ಶೈಲಿ ಮೇಲೋ ಅನ್ನುವ ಬೊಬ್ಬೆ ಬೇಡ. ಫಾರ್ವರ್ಡ್ ಬೇಡ. ಒಬ್ಬರು ಇಬ್ಬರು ಬರುತ್ತಿದ್ದ ಕಾಲಕ್ಕೆ ಅದು ನಡೆಯಿತು.

2020ರ ಮಾರ್ಚ್‌ನಲ್ಲಿ ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ ಅರ್ಧಕ್ಕೆ ನಿಂತಿತು. ಮೇ ತಿಂಗಳಲ್ಲಿ, ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಬಿಚ್ಚಬೇಕಾದ ಗೆಜ್ಜೆ ಮಾರ್ಚಿನಲ್ಲೇ ಬಿಚ್ಚಬೇಕಾಯಿತು. ಕಲಾವಿದರ ಮನೆಗಳಿಗೆ ಅಕ್ಕಿ ಸಾಮಾನು ಕೊಡುವ ಕೆಲಸಕ್ಕೆ ನಮ್ಮ ಗ್ರೂಪ್ ಇಳಿಯಿತು. ಲಿಂಕ್ ಎಲ್ಲೆಲ್ಲಿಗೋ ಹೋಯಿತು. ದುಬೈ, ಮಸ್ಕತ್, ಪುಣೆ. ಒಳ್ಳೆಯ ಜನ, ದೊಡ್ಡ ಮನಸ್ಸು. ಹೆಚ್ಚಿನವರು ಬಂದದ್ದು ಸಹಾಯ ಮಾಡಲಿಕ್ಕೆ, ರಾಗ ಕೇಳಲಿಕ್ಕಲ್ಲ. ಕೆಲಸ ಮುಗಿದ ಮೇಲೆ ಅವರು ಹೊರಗೆ ಹೋಗಲಿಲ್ಲ, ಹೋಗಿ ಅನ್ನುವುದಾದರೂ ಹೇಗೆ? 2022ರಲ್ಲಿ ಮಿತಿ ಮೊದಲು 512, ವರ್ಷ ಮುಗಿಯುವ ಮುಂಚೆ 1024 ಆಯಿತು. ಅದಾದ ಮೇಲೆ ಹೊಸಬರಿಗೆ ಹೇಳಿಕೊಡುವುದನ್ನು ಮಾಸ್ಟ್ರು ಬಿಟ್ಟೇಬಿಟ್ಟರು.

ಮರುವರ್ಷ ಚುನಾವಣೆ. ಅದರ ಬಗ್ಗೆ ಬರೆಯುವುದಿಲ್ಲ. ಕಾಸರಗೋಡಿನ ಅಜ್ಜ ಹೊರಗೆ ಹೋದದ್ದು ಆಗಲೇ.

ಹಾಗಂತ ಅಡಿಕೆಯ ಮೇಲೆ ತಪ್ಪು ಹೊರಿಸಲಿಕ್ಕೆ ನನಗೆ ಮನಸ್ಸಿಲ್ಲ. ಮಾಸ್ಟ್ರಿಗೂ ಅದನ್ನೇ ಹೇಳಿದೆ. ನಿಜ ಹೇಳಬೇಕೆಂದರೆ ಈಗ ಗ್ರೂಪಿನಲ್ಲಿ ನಡೆಯುವ ಅತ್ಯಂತ ಒಳ್ಳೆಯ ಮಾತು ಅಡಿಕೆಯದ್ದೇ. ಈ ವರ್ಷ ಮೇ ಕೊನೆಗೇ ಮಳೆ ಹಿಡಿಯಿತು. ಮಳೆಗೆ ಮುಂಚೆ ಹೊಡೆಯಬೇಕಾದ ಮೊದಲ ಮದ್ದು ಎಷ್ಟೋ ತೋಟಗಳಲ್ಲಿ ತಪ್ಪಿಹೋಯಿತು. ಈಗ ಎಲ್ಲರದ್ದೂ ಒಂದೇ ಚಿಂತೆ. ನಿನ್ನೆ ರಾತ್ರಿ ಒಬ್ಬರು ತಾನು ಮಾಡಿದ ಬೋರ್ಡೋ ಮದ್ದು ನಿಲ್ಲುವುದಿಲ್ಲ, ತೊಳೆದು ಹೋಗುತ್ತದೆ ಅಂತ ಬರೆದರು. ಪುತ್ತೂರಿನ ಭಾವ ಕೇಳಿದ್ದು ನೋಡಬೇಕು. ನೂರು ಲೀಟರಿಗೆ ಮೈಲುತುತ್ತು ಎಷ್ಟು, ಸುಣ್ಣ ಎಷ್ಟು? ಒಂದೊಂದು ಕಿಲೋವಾ? ಸುಣ್ಣ ಹೊಸತಾ, ಗಾಳಿಗೆ ಬಿಟ್ಟು ಪುಡಿ ಆದದ್ದಾ? ತುತ್ತಿನ ನೀರನ್ನು ಸುಣ್ಣದ ನೀರಿಗೆ ಹಾಕಿದಿರಾ, ಉಲ್ಟಾ ಮಾಡಿದಿರಾ? ಪಾತ್ರೆ ಪ್ಲಾಸ್ಟಿಕ್ಕಾ, ಕಬ್ಬಿಣದ್ದಾ? ಕತ್ತಿ ಅದ್ದಿ ನೋಡಿದಿರಾ? ಕೆಂಪು ಹಿಡಿದರೆ ಸುಣ್ಣ ಸಾಲಲಿಲ್ಲ ಅಂತ ಲೆಕ್ಕ. ಇನ್ನೊಬ್ಬರು ಮಧ್ಯರಾತ್ರಿ ಟಾರ್ಚ್ ಹಾಕಿ ತನ್ನ ಕತ್ತಿಯ ಫೋಟೋ ತೆಗೆದು ಹಾಕಿದರು. ಅಲಗಿನ ಮೇಲೆ ತೆಳು ಕೆಂಪು ಪಟ್ಟೆ. "ಇದಕ್ಕೆ ಕೆಂಪು ಅಂತಲಾ ಹೇಳುವುದು?" ಅಂತ.

ಹಿಂದೆ ರಾಗದ ಬಗ್ಗೆ ಹೀಗೇ ಕೇಳುತ್ತಿದ್ದರಲ್ಲ ಈ ಜನ! ಅದೇ ಭಾವ, ಅದೇ ಅಡ್ಡ ಪ್ರಶ್ನೆ, ಅದೇ ಹಟ. ಕುತೂಹಲ ಎಲ್ಲಿಗೂ ಹೋಗಿಲ್ಲ, ತೋಟಕ್ಕೆ ಹೋಗಿದೆ. ಜುಲೈಯಲ್ಲಿ ಆಟ ಇಲ್ಲ. ಮೇಳ ಹೊರಡುವುದು ದೀಪಾವಳಿ ಕಳೆದ ಮೇಲೆ. ಮಳೆಗಾಲಕ್ಕೆ ಅಂತ ನಮ್ಮಲ್ಲಿ ಇರುವುದು ತಾಳಮದ್ದಲೆ, ಮನೆ ಮನೆಗೆ ಬರುವ ಚಿಕ್ಕಮೇಳ. ಉಳಿದ ಹೊತ್ತು ಎಲ್ಲರ ತಲೆಯಲ್ಲಿ ಕೊಳೆರೋಗವೇ ಇರುವಾಗ ಗ್ರೂಪಿನಲ್ಲಿ ಮಾತ್ರ ಬೇರೆ ಏನು ಬರಬೇಕು?

ನನಗೆ ಸಿಟ್ಟು ಬರುವುದು ಬೇರೆಯದರ ಮೇಲೆ. 2023ರ ಫೆಬ್ರವರಿಯಲ್ಲಿ ಯಕ್ಷಗಾನದ ಹಿರಿಯ ಹಾಡುಗಾರ ಬಲಿಪ ನಾರಾಯಣ ಭಾಗವತರು ತೀರಿಕೊಂಡ ದಿನ ಇನ್ನೂ ನೆನಪಿದೆ. ಐದು ದಿನ ಆಡುವಷ್ಟು ದೊಡ್ಡ ದೇವಿಮಹಾತ್ಮೆ ಪ್ರಸಂಗ ಬರೆದವರು. ಆ ಏರು ಶ್ರುತಿ, ಆ ಹಳೆಯ ಮಟ್ಟುಗಳು. ಗ್ರೂಪಿನಲ್ಲಿ ಒಂದರ ಹಿಂದೆ ಒಂದು ಓಂ ಶಾಂತಿ, ಓಂ ಶಾಂತಿ, ಕೈಮುಗಿದ ಚಿತ್ರ, ಓಂ ಶಾಂತಿ. ನಡುವೆ ಎಲ್ಲೋ ಒಬ್ಬರು ಹಿರಿಯರು ವಾಯ್ಸ್ ಮೆಸೇಜ್ ಹಾಕಿದ್ದರು. ಬಲಿಪರು ಒಂದು ಪದ್ಯವನ್ನು ಎತ್ತುವ ಮೊದಲು ತಾಳವನ್ನು ಹೇಗೆ ಹಿಡಿಯುತ್ತಿದ್ದರು ಅಂತ ಬಾಯಲ್ಲೇ ಹಾಡಿ ತೋರಿಸಿದ್ದರು. ನಾಲ್ಕು ನಿಮಿಷ. ಅದನ್ನು ಯಾರಾದರೂ ಕೇಳಿದರಾ? ಅದರ ಕೆಳಗೂ ಒಬ್ಬ ಓಂ ಶಾಂತಿ ಅಂದ. ಈಗ ಹುಡುಕಿದರೆ ಆ ಮೆಸೇಜ್ ಸಿಗುವುದಿಲ್ಲ, ನನ್ನ ಮೊಬೈಲ್ ಬದಲಾಯಿತು.

ಅಡಿಕೆ ಬಗ್ಗೆ ಬರೆಯುವವನು ತನ್ನ ತೋಟ ನೋಡಿ ಬರೆಯುತ್ತಾನೆ. ಶುಭೋದಯ ಹಾಕುವವನು ಏನನ್ನೂ ನೋಡಿರುವುದಿಲ್ಲ, ಸೂರ್ಯಕಾಂತಿಯನ್ನು ಕೂಡ. ನನ್ನ ಪ್ರಕಾರ ಗ್ರೂಪ್ ಹಾಳಾಗುವುದು ಈ ಎರಡನೆಯವನಿಂದ. ಇನ್ನು ಆ ಅರ್ಧ ನಿಮಿಷದ ವಿಡಿಯೋಗಳು. ಧೀಂಗಿಣ, ಅಂದರೆ ಗಿರಕಿಯ ಕುಣಿತ, ಎಷ್ಟು ಹೊಡೆದರು ಅಂತ ಎಣಿಸುವುದು. ಯಾವ ಪ್ರಸಂಗ, ಯಾವ ಪದ್ಯ, ಆ ಪಾತ್ರ ಆಗ ಯಾಕೆ ಕುಣಿಯಬೇಕು, ಏನೂ ಇಲ್ಲ. ಬೆಂಕಿಯ ಚಿತ್ರ ಮೂರು.

ಇದನ್ನೆಲ್ಲ ಹೇಳಿದ ಮೇಲೆ ಮಾಸ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಮನೆಯ ಮಾಡಿನಿಂದ ನೀರು ಬೀಳುವ ಸದ್ದು ಫೋನಿನಲ್ಲೇ ಕೇಳುತ್ತಿತ್ತು.

"ತಾಳಮದ್ದಲೆಯಲ್ಲಿ ಕೂಡ ಮಾತು ಎಲ್ಲೆಲ್ಲಿಗೋ ಹೋಗ್ತದೆ" ಎಂದರು. "ಕೃಷ್ಣ ಸಂಧಾನಕ್ಕೆ ಕೂತು ದ್ರೌಪದಿಯ ಸ್ವಯಂವರದವರೆಗೆ ಹಿಂದೆ ಹೋದವರು ಉಂಟು. ಹೋಗಲಿ. ಹೋಗುವುದೇ ಚೆಂದ. ಆದರೆ ಹಾಡುವ ಭಾಗವತ ಇದ್ದಾನಲ್ಲ, ಅವನು ಹೊತ್ತು ನೋಡ್ತಾ ಇರ್ತಾನೆ. ಸಾಕು ಅಂತ ಕಂಡರೆ ಮುಂದಿನ ಪದ್ಯ ಎತ್ತುತ್ತಾನೆ. ಯಾರಿಗೂ ಬೈಯುವುದಿಲ್ಲ, ಬಾಯಿ ಮುಚ್ಚು ಅನ್ನುವುದಿಲ್ಲ. ಪದ್ಯ ಎತ್ತಿದರೆ ಮುಗಿಯಿತು, ಅರ್ಥಧಾರಿ ಪ್ರಸಂಗಕ್ಕೆ ಬರಲೇಬೇಕು."

"ಹಾಗಾದರೆ ಬೀಗ ಹಾಕಬೇಡಿ. ಪದ್ಯ ಎತ್ತಿ."

"ಪ್ರಾಯ ಆಯ್ತು ಮಾರಾಯ್ತಿ. ಶ್ರುತಿ ಮುಟ್ಟುವುದಿಲ್ಲ." ನಕ್ಕರು. ಆಮೇಲೆ ಕಣ್ಣಿನ ಆಪರೇಷನ್ ವಿಷಯ, ಮಗ ಬರುವುದು ಗಣೇಶ ಚೌತಿಗೋ ಅಲ್ಲವೋ ಅನ್ನುವ ವಿಷಯ. ಬೀಗದ ಬಗ್ಗೆ ತೀರ್ಮಾನ ಆಗದೆ ಫೋನ್ ಇಟ್ಟೆವು.

ಈಗ ರಾತ್ರಿ. ನಾಳೆಗೆ ದೋಸೆಗೆ ರುಬ್ಬಿ ಆಯಿತು. ಆ ಹುಡುಗನ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

ರಾಮಾಯಣದಲ್ಲಿ ರಾಮ ಕೊಡುವ ಉತ್ತರಗಳು ಹಲವು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದಕ್ಕೆ ಶಿಕ್ಷೆ. ಈ ಭೂಮಿ ಇಕ್ಷ್ವಾಕುಗಳದ್ದು, ಭರತನ ಪರವಾಗಿ ನಾನು ದಂಡಿಸಿದೆ. ಸುಗ್ರೀವನಿಗೆ ಮಾತು ಕೊಟ್ಟಿದ್ದೆ. ನೀನು ಕಪಿ, ಬೇಟೆಯವನು ಮರೆಯಲ್ಲಿ ನಿಂತೇ ಹೊಡೆಯುವುದು. ಕೊನೆಯದು ಹೇಳಲಿಕ್ಕೆ ಸುಲಭ. ಹೊಸ ಹುಡುಗರು ಅದನ್ನೇ ಹಿಡಿಯುತ್ತಾರೆ. ಎದುರು ಕೂತ ವಾಲಿ ಗಟ್ಟಿಗನಾದರೆ ಅಲ್ಲೇ ಸಿಕ್ಕಿಸುತ್ತಾನೆ. ನಾನು ಕಪಿಯಾದರೆ ತಮ್ಮನ ಹೆಂಡತಿಯ ಧರ್ಮ ನನಗೆ ಯಾಕೆ? ಆ ಧರ್ಮ ನನಗೂ ಉಂಟು ಅಂತಾದರೆ ನೀನು ಬೇಟೆಯವನು ಹೇಗೆ? ಎರಡರಲ್ಲಿ ಒಂದು ಹೇಳು ರಾಮ. ತಾಳಮದ್ದಲೆಯ ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂಥ ಜಾಗವನ್ನು ಈಗಲೂ ಕಣ್ಣರಳಿಸಿ ಹೇಳುತ್ತಾರೆ. ಹುಡುಗ ರಾಜಧರ್ಮದಿಂದ ಶುರು ಮಾಡಿದರೆ ಸ್ವಲ್ಪ ಹೊತ್ತು ಉಳಿಯುತ್ತಾನೆ. ಭರತನ ಹೆಸರು ಬರುತ್ತಲೇ ವಾಲಿ ಕೇಳದೆ ಬಿಡುತ್ತಾನಾ? ಕಾಡಿಗೆ ಅಟ್ಟಿಸಿಕೊಂಡವನಿಗೆ ಯಾವ ರಾಜ್ಯದ ಅಧಿಕಾರ ಅಂತ?

ಇದಕ್ಕಿಂತ ಕಷ್ಟದ್ದು ಇನ್ನೊಂದು ಉಂಟು. ಎರಡನೇ ಸಲ ಯುದ್ಧಕ್ಕೆ ಹೊರಡುವಾಗ ತಾರೆ ತಡೆಯುತ್ತಾಳೆ. ಸುಗ್ರೀವನ ಹಿಂದೆ ರಾಮ ಇದ್ದಾನೆ, ಹೋಗಬೇಡ ಅನ್ನುತ್ತಾಳೆ. ವಾಲಿ ಏನನ್ನುತ್ತಾನೆ? ರಾಮ ಧರ್ಮ ಬಲ್ಲವನು, ತಪ್ಪು ಮಾಡಲಾರ ಅಂತ. ಅಂದರೆ ಅವನು ಬಂದದ್ದೇ ರಾಮನನ್ನು ನಂಬಿ. ಬಿದ್ದ ಮೇಲೆ ಈ ಒಂದು ಮಾತನ್ನು ಮೆಲ್ಲಗೆ ಹೇಳಿದರೆ ಸಾಕು, ಉಳಿದ ವಾದ ಯಾವುದೂ ಬೇಡ. ಅದಕ್ಕೆ ರಾಮ ಏನು ಹೇಳಬೇಕು? ನಾನು ಗಂಡಸರ ಹಾಗೆ ಅರ್ಥ ಹೇಳಿದವಳಲ್ಲ, ಮಹಿಳಾ ಸಂಘದಲ್ಲಿ ಎರಡು ಸಲ ತಾರೆ ಮಾಡಿದವಳು. ತಾರೆಯ ಕಡೆಯಿಂದ ನೋಡಿದರೆ

ಭಾವನ ಮೆಸೇಜ್. ಕತ್ತಿಯ ಕೆಂಪು ಹೋಯಿತಂತೆ, ಸುಣ್ಣ ಹಾಕಿದ ಮೇಲೆ. ಇವರಿಗೆ ಈಗಲೇ ಕೇಳಿಬಿಡುತ್ತೇನೆ, ಎಚ್ಚರವಾಗಿದ್ದಾರಲ್ಲ. ರಾಮನ ಪರ ಹೇಳ್ತೀರಾ ಭಾವ, ವಾಲಿಯ