ಎಲ್‌ಎಚ್‌ಎಸ್ 1140 ಬಿ ಕಡಲಿಗೆ ಇಳಿಯುವ ಅನಿಮೇಷನ್: ಕೆಲಸ ಎಲ್ಲಿಯವರೆಗೆ ಬಂತು

ನೌಕೆ ಈಗ ಮೋಡದ ಮಟ್ಟ ದಾಟಿದೆ. ನೀರು ಇನ್ನೂ ಬಾಕಿ.

ಹೊಸದಾಗಿ ನೋಡುತ್ತಿರುವವರಿಗೆ: ಈ ಗ್ರಹ ಸುಮಾರು 49 ಜ್ಯೋತಿರ್ವರ್ಷ ದೂರದಲ್ಲಿ, ಸೀಟಸ್ ನಕ್ಷತ್ರಪುಂಜದಲ್ಲಿದೆ. 2017ರಲ್ಲಿ ಪತ್ತೆಯಾಯಿತು. ಭೂಮಿಯ 1.73 ಪಟ್ಟು ಅಗಲ, 5.6 ಪಟ್ಟು ದ್ರವ್ಯರಾಶಿ. ಕಲ್ಲು, ಕಬ್ಬಿಣ ಮಾತ್ರ ಇದ್ದಿದ್ದರೆ ಇನ್ನೂ ಸಾಂದ್ರವಾಗಿರಬೇಕಿತ್ತು. ಹಾಗಾಗಿ ದ್ರವ್ಯರಾಶಿಯ ಶೇ. 10ರಿಂದ 20ರಷ್ಟು ನೀರೇ ಇರಬಹುದು ಎಂಬ ಊಹೆ. ಜೇಮ್ಸ್ ವೆಬ್ ದೂರದರ್ಶಕದಿಂದ ಸಾರಜನಕದ ವಾತಾವರಣದ ಕ್ಷೀಣ ಸುಳಿವು ಸಿಕ್ಕಿದೆ. ಸುಳಿವು ಅಷ್ಟೇ, ಆದರೆ ನನ್ನ ದೃಶ್ಯವೆಲ್ಲ ಅದನ್ನೇ ನಂಬಿ ನಿಂತಿದೆ.

ಲೆಕ್ಕ ಹಾಕುತ್ತಾ ಹೋದಂತೆ ಇಲ್ಲಿ ಎಲ್ಲವನ್ನೂ ಆಳುವುದು ಗುರುತ್ವ ಎಂಬುದು ಖಚಿತವಾಯಿತು. ಅದು ಭೂಮಿಯ ಸುಮಾರು 1.9 ಪಟ್ಟು. ಗಾಳಿ ನೆಲಕ್ಕೆ ಒತ್ತಿಕೊಂಡಿರುತ್ತದೆ: ಭೂಮಿಯಲ್ಲಿ 8 ಕಿ.ಮೀ. ಏರಿದರೆ ಒತ್ತಡ ಎಷ್ಟು ತಗ್ಗುತ್ತದೋ ಇಲ್ಲಿ 4 ಕಿ.ಮೀ.ಗೇ ಅಷ್ಟು. ದೂರದಿಂದ ಬರುವ ನೌಕೆಯ ವೇಗವೋ ಸೆಕೆಂಡಿಗೆ 20 ಕಿ.ಮೀ. ವೇಗ ಹೆಚ್ಚು, ತಡೆಯಲು ಸಿಗುವ ಗಾಳಿಯ ಪದರ ತೆಳು. ಒಂದೇ ಕೋನದಲ್ಲಿ ನುಗ್ಗಿದರೆ ಭೂಮಿಗಿಂತ ಆರೇಳು ಪಟ್ಟು ಜೋರಾದ ಹೊಡೆತ. 2005ರಲ್ಲಿ ಹೈಗನ್ಸ್ ನೌಕೆ ಶನಿಯ ಚಂದ್ರ ಟೈಟನ್‌ಗೆ ಸುಮಾರು ಎರಡೂವರೆ ಗಂಟೆ ತೇಲುತ್ತಾ ಇಳಿದಿತ್ತು. ಆ ನಿಧಾನ ಇಲ್ಲಿ ಸಿಗದು. ಆದ್ದರಿಂದ ಪ್ರವೇಶದ ಕೋನವನ್ನು ತುಂಬಾ ಓರೆ ಮಾಡಿದ್ದೇನೆ.

ಹೆಚ್ಚು ಹೊತ್ತು ಹಿಡಿದದ್ದು, ಹೆಚ್ಚು ಖುಷಿ ಕೊಟ್ಟದ್ದು ಬೆಳಕು. ಗ್ರಹದ ಒಂದೇ ಮುಖ ಸದಾ ತನ್ನ ಕೆಂಪು ಕುಬ್ಜ ನಕ್ಷತ್ರದ ಕಡೆಗಿರುವ ಸಾಧ್ಯತೆ ಹೆಚ್ಚು. ಒಂದು ಮಾದರಿಯ ಪ್ರಕಾರ ನಕ್ಷತ್ರದ ನೇರ ಕೆಳಗೆ ಸುಮಾರು 4,000 ಕಿ.ಮೀ. ಅಗಲದ ಕಡಲು, ಸುತ್ತಲೂ ಹಿಮ. ಕಡಲಿನ ನಟ್ಟನಡುವೆ ಇಳಿಸಿದರೆ ಪ್ಯಾರಾಚೂಟ್‌ನ ನೆರಳು ನೌಕೆಯ ಮೇಲೆಯೇ ಕೂರುತ್ತದೆ. ನಕ್ಷತ್ರ ಕದಲುವುದಿಲ್ಲವಲ್ಲ, ನೆರಳೂ ಕದಲದು. ಅದಕ್ಕಾಗಿ ಇಳಿಯುವ ಜಾಗವನ್ನು ಕಡಲಿನ ಅಂಚಿನ ಹತ್ತಿರ, ನಕ್ಷತ್ರ ಸುಮಾರು 80 ಡಿಗ್ರಿ ಎತ್ತರದಲ್ಲಿ ಕಾಣುವಲ್ಲಿಗೆ ಸರಿಸಿದೆ. ನಕ್ಷತ್ರದ ಬಿಲ್ಲೆ ನಮ್ಮ ಸೂರ್ಯನಿಗಿಂತ ಎರಡು ಪಟ್ಟಿಗೂ ಹೆಚ್ಚು ಅಗಲ. ಹೀಗಾಗಿ ನೆರಳಿನ ಅಂಚುಗಳು ಬೇಗ ಮಸುಕಾಗುತ್ತವೆ: 10 ಮೀಟರ್ ಪ್ಯಾರಾಚೂಟ್‌ನ ಗಾಢ ನೆರಳು ನೀರನ್ನು ಮುಟ್ಟುವುದು ಸುಮಾರು 460 ಮೀಟರ್‌ಗೆ ಇಳಿದ ಮೇಲೆಯೇ. ಈ ಕ್ಷಣವನ್ನು ನಾನು ಕತ್ತರಿಸುವುದಿಲ್ಲ.

ಬಣ್ಣದಲ್ಲಿ ರಕ್ತಗೆಂಪು ಬೇಡ ಎಂದು ತೀರ್ಮಾನಿಸಿದ್ದೇನೆ. ನಕ್ಷತ್ರದ ಮೇಲ್ಮೈ ತಾಪ ಸುಮಾರು 3,100 ಕೆಲ್ವಿನ್, ಎಂದರೆ ಹಳೆಯ ತಂತಿ ಬಲ್ಬಿನ ಬೆಳಕಿಗೆ ಹತ್ತಿರ. ಕಣ್ಣು ಅದಕ್ಕೆ ಒಗ್ಗಿಕೊಳ್ಳುತ್ತದೆ.

ಈಗ ಅಲೆಗಳ ಕೋಡ್ ಬರೆಯುತ್ತಿದ್ದೇನೆ. ಗಾಳಿ ಅಷ್ಟೇ ಬೀಸಿದರೂ ಎತ್ತರ ಭೂಮಿಯ ಅಲೆಗಳ ಅರ್ಧದಷ್ಟು. ಅದೇ ಉದ್ದದ ಅಲೆ ಓಡುವುದು ಮಾತ್ರ ಸುಮಾರು 1.4 ಪಟ್ಟು ಬೇಗ. ಆಮೇಲೆ ನೀರಿನೊಳಗೆ. ಮರಿಯಾನಾ ಕಂದಕದ ತಳದಷ್ಟು ಒತ್ತಡ ಇಲ್ಲಿ 6 ಕಿ.ಮೀ. ಆಳದಲ್ಲೇ ಸಿಗುತ್ತದೆ. ಇನ್ನೂ ಹಲವು ಹತ್ತು ಕಿ.ಮೀ. ಕೆಳಗೆ ಒತ್ತಡಕ್ಕೇ ಹೆಪ್ಪುಗಟ್ಟಿದ, ನೀರಿಗಿಂತ ಭಾರದ ಮಂಜುಗಡ್ಡೆ. ಅಷ್ಟು ಆಳಕ್ಕೆ ನಕ್ಷತ್ರದ ಬೆಳಕು ತಲುಪದು, ಆದ್ದರಿಂದ ಆ ಭಾಗಕ್ಕೆ ನೌಕೆಯ ದೀಪವೊಂದನ್ನೇ ಬಳಸುತ್ತೇನೆ.