ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮ ಆಫೀಸಿನ ಕ್ರಿಕೆಟ್ ಟೂರ್ನಿಗೆ ಈ ಸಲವೂ ಅದೇ ರೂಲ್. ಪ್ರತಿ ಟೀಮಿನಲ್ಲಿ ಇಬ್ಬರು ಹೆಂಗಸರು ಇರಲೇಬೇಕು. ಅವರಿಗೆ ಅಂಡರ್‌ಆರ್ಮ್ ಬೌಲಿಂಗ್. ಅವರು ಹೊಡೆದ ರನ್ ಡಬಲ್. ಆಡೋದು ಟೆನಿಸ್ ಬಾಲ್‌ನಲ್ಲಿ, ನೆನಪಿರಲಿ!

ಚಿಕ್ಕವಳಿದ್ದಾಗ ದಾವಣಗೆರೆಯ ನಮ್ಮ ಬೀದಿಯಲ್ಲಿ ಅಣ್ಣ ನನ್ನನ್ನು ಸೇರಿಸಿಕೊಳ್ಳುತ್ತಿದ್ದದ್ದು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತ. ಔಟಾದರೂ ಔಟಲ್ಲ, ಹೊಡೆದರೂ ರನ್ನಲ್ಲ. ಚರಂಡಿಗೆ ಬಿದ್ದ ಬಾಲ್ ತೆಗೆಯೋಕೆ ಮಾತ್ರ ನಾನು ಖಾಯಂ. ಈಗ ರನ್ ಡಬಲ್ ಆಗಿದೆ. ಆದರೆ ಹೊಡೆದಷ್ಟನ್ನು ಹೊಡೆದಷ್ಟೇ ಅಂತ ಆಗಲೂ ಬರೆಯಲಿಲ್ಲ, ಈಗಲೂ ಬರೆಯಲ್ಲ, ಅಲ್ವಾ?

ಟೂರ್ನಿ ನೋಡಿಕೊಳ್ಳುವವರಿಗೆ ಹೇಳಿದೆ. "ನಿಮಗೇ ಅನುಕೂಲ ಆಗ್ಲಿ ಅಂತ ಮೇಡಂ" ಅಂದರು. ಒಳ್ಳೆ ಮನುಷ್ಯ. ಜಗಳ ಆಡೋಕೂ ಆಗಲ್ಲ.

ಇದೇ ಬೆಂಗಳೂರಿನಲ್ಲಿ 1976ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದರು. ಕ್ಯಾಪ್ಟನ್ ನಮ್ಮ ಶಾಂತಾ ರಂಗಸ್ವಾಮಿ. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಹೋಗಿ, ಡಾರ್ಮಿಟರಿಯಲ್ಲಿ ಮಲಗಿ ಆಡಿದ ಕಾಲ ಅದು. ಅವರ ರನ್ನು ಯಾರೂ ಡಬಲ್ ಮಾಡಿಕೊಡಲಿಲ್ಲ. ಮಹಿಳಾ ಕ್ರಿಕೆಟ್ ಬಿಸಿಸಿಐ ಕೈಗೆ ಬಂದದ್ದೇ 2006ರಲ್ಲಿ. 2022ರಲ್ಲಿ ಮ್ಯಾಚ್ ಫೀ ಗಂಡಸರಿಗೆ ಸಮ ಆಯಿತು. ಟೆಸ್ಟಿಗೆ 15 ಲಕ್ಷ, ಒನ್‌ಡೇಗೆ 6, ಟಿ20ಗೆ 3. ಖುಷಿಯೇ. ಆದರೆ ಹೆಂಗಸರಿಗೆ ಟೆಸ್ಟ್ ಸಿಗೋದೇ ಅಪರೂಪ. ಕೂಲಿ ಸಮ ಮಾಡಿದರೆ ಆಯ್ತಾ, ಕೆಲಸವನ್ನೂ ಕೊಡಬೇಕಲ್ಲ?

ಹೋದ ಭಾನುವಾರ ಫೈನಲ್. ಮೊದಲ ಬ್ಯಾಟಿಂಗ್ ನಮ್ಮದು. ಬೌಲರ್ ಅಕೌಂಟ್ಸ್‌ನ ಹುಡುಗ, ಮಗುವಿಗೆ ಲಾಡು ಕೊಟ್ಟ ಹಾಗೆ ಬಾಲನ್ನು ಉರುಳಿಸಿದ. "ಕೈ ಎತ್ತಿ ಹಾಕಪ್ಪಾ" ಅಂದೆ. ಅವನು ಕ್ಯಾಪ್ಟನ್ ಮುಖ ನೋಡಿದ, ಕ್ಯಾಪ್ಟನ್ ಅಂಪೈರ್ ಮುಖ ನೋಡಿದ. ಕೊನೆಗೂ ಹಾಕಿದ. ಎರಡನೇ ಬಾಲನ್ನೇ ಕವರ್ಸ್ ಕಡೆ ಬೌಂಡರಿಗೆ ಅಟ್ಟಿದೆ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಮ್ಯಾಚ್ ಮುಗಿದ ಮೇಲೆ ಸ್ಕೋರ್ ಶೀಟ್ ನೋಡಿದೆ. ನನ್ನ ಹೆಸರಿನ ಮುಂದೆ 14. ನಾನು ಹೊಡೆದದ್ದು ಏಳು. ತಿದ್ದು ಅಂದೆ.

"ತಿದ್ದಿದ್ರೆ ನಿಮ್ಮ ಟೀಮ್ ಎರಡು ರನ್ನಿಗೆ ಸೋಲುತ್ತೆ ಮೇಡಂ" ಅಂದ ಸ್ಕೋರರ್. ಗೆದ್ದಿದ್ದೇ ಐದು ರನ್ನಿಗೆ.

ಸುಮ್ನೆ ವಾಪಸ್ ಬಂದೆ. ಕಪ್ ಹಿಡಿದ ಫೋಟೋದಲ್ಲಿ ಮುಂದಿನ ಸಾಲಿನಲ್ಲೇ ಇದ್ದೀನಿ, ನಗ್ತಾ.