ಹೊಸ ನೀರಿಗೆ ಬೆಳಕು ಹಾಯಿಸಿದ ದಿನ

ಪುನರ್ವಸು ಮಳೆ ಹಿಡಿದ ಮೇಲೆ ತುಂಗೆಯ ಬಣ್ಣ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ. ಬೇಸಿಗೆಯಲ್ಲಿ ತೀರ್ಥಹಳ್ಳಿಯ ಬಂಡೆಗಳ ನಡುವೆ ತಳದ ಕಲ್ಲು ಕಾಣುವಂತೆ ಹರಿಯುತ್ತಿದ್ದ ಹೊಳೆ ಒಂದು ರಾತ್ರಿಯ ಜಡಿಮಳೆಗೆ ಕೆಂಪಾಗುತ್ತದೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹೊಗಳಿಸಿಕೊಂಡ ಈ ನೀರನ್ನು ಕುಡಿಯುವ ಮೊದಲು ಎಷ್ಟು ತಿಳಿಯಾಗಿಸಬೇಕು, ತಿಳಿಯಾಯಿತು ಎಂದು ಯಾವುದನ್ನು ನೋಡಿ ಹೇಳಬೇಕು ಎಂಬ ಪ್ರಶ್ನೆ ಏಳುವುದು ಆಗಲೇ. ಅಂಥದ್ದೊಂದು ದಿನ ತೀರ್ಥಹಳ್ಳಿ, ಗಾಜನೂರು ಅಣೆಕಟ್ಟೆಯ ಕೆಳಗು, ಶಿವಮೊಗ್ಗದ ದಡ, ಕೂಡಲಿ, ಇಷ್ಟು ಕಡೆಯ ಹೊಳೆ ನೀರನ್ನೂ ಹೊಸನಗರದ ಕಡೆಯ ಅಡಿಕೆ ತೋಟವೊಂದರ ಬೋರ್‌ವೆಲ್ ನೀರನ್ನೂ ಲ್ಯಾಬಿನ ಮೇಜಿನ ಮೇಲೆ ಸಾಲಾಗಿಟ್ಟು ಅವುಗಳ ಬಗ್ಗಡವನ್ನು ಬೆಳಕಿನಿಂದ ಅಳೆದೆವು. ಅಳೆಯುವುದು ಹೇಗೆ, ಮಲೆನಾಡಿನ ಮಳೆಗಾಲದಲ್ಲಿ ಅದು ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಆ ದಿನದ ಕೆಲಸದ ಕ್ರಮದಲ್ಲೇ ಬರೆಯುತ್ತಿದ್ದೇವೆ.

ಹಳೆಯ ಹೆಂಚಿನ ಮನೆಯ ಅಡುಗೆಕೋಣೆಯಲ್ಲಿ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲುಕೋಲು ಒಲೆಯ ಹೊಗೆ ಇದ್ದಾಗ ಮಾತ್ರ ಎದ್ದು ಕಾಣುತ್ತದೆ. ಹೊಗೆಯ ಕಣಗಳು ಬೆಳಕನ್ನು ಪಕ್ಕಕ್ಕೆ ಚದುರಿಸುವುದರಿಂದ ಅದು ನಮ್ಮ ಕಣ್ಣಿಗೆ ಬರುತ್ತದೆ. ನೀರಿನಲ್ಲಿ ತೇಲುವ ಮಣ್ಣೂ ಮಾಡುವುದು ಇದನ್ನೇ. ನೆಫೆಲೋಮೀಟರ್ ಎಂಬ ಉಪಕರಣದಲ್ಲಿ ಒಂದು ದೀಪ, ಅದರ ಬೆಳಕನ್ನು ಸಣ್ಣ ಕೋಲಾಗಿಸುವ ಲೆನ್ಸ್, ನಡುವೆ ನೀರು ತುಂಬುವ ಸಣ್ಣ ಗಾಜಿನ ಸೀಸೆ (ಸೆಲ್), ಕೋಲಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಒಂದು ಬೆಳಕುಗ್ರಾಹಿ, ಇಷ್ಟೇ ಇರುತ್ತದೆ. ಎದುರಿಗೇ ಗ್ರಾಹಿ ಇಟ್ಟು ಎಷ್ಟು ಬೆಳಕು ಕಡಿಮೆಯಾಯಿತು ಎಂದು ನೋಡಬಹುದಲ್ಲ ಎಂದರೆ, ರಾಡಿ ನೀರಿಗೆ ಅದು ಸರಿ. ತಿಳಿನೀರಿಗೆ ಆಗದು. ದೊಡ್ಡ ಬೆಳಕಿನಲ್ಲಿ ಆಗುವ ತೀರ ಸಣ್ಣ ಇಳಿಕೆ ದೀಪದ ಸ್ವಂತ ಏರಿಳಿತದಲ್ಲೇ ಮುಚ್ಚಿಹೋಗುತ್ತದೆ. ಪಕ್ಕದಿಂದ ನೋಡಿದರೆ ಹಿನ್ನೆಲೆ ಕತ್ತಲೆ. ಕತ್ತಲೆಯಲ್ಲಿ ಬಂದ ಸ್ವಲ್ಪ ಬೆಳಕೂ ಲೆಕ್ಕಕ್ಕೆ ಸಿಗುತ್ತದೆ.

ಈ ಅಳತೆಯ ಮಾನ ನೆಫೆಲೋಮೆಟ್ರಿಕ್ ಟರ್ಬಿಡಿಟಿ ಯೂನಿಟ್, ಚಿಕ್ಕದಾಗಿ ಎನ್‌ಟಿಯು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 (2012) ಹೇಳುವ ಪ್ರಕಾರ 1 ಎನ್‌ಟಿಯು ಒಪ್ಪುವ ಮಿತಿ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 5ರವರೆಗೆ ಸಹಿಸಬಹುದು. ಕಣ್ಣಿಗೆ 5ರ ನೀರೂ ಲೋಟದಲ್ಲಿ ಹೆಚ್ಚುಕಡಿಮೆ ತಿಳಿಯಾಗಿಯೇ ಕಾಣುತ್ತದೆ. ಹಾಗಾಗಿ ಕಣ್ಣನ್ನು ನಂಬುವಂತಿಲ್ಲ. ಮಣ್ಣಿನ ಕಣದ ಮರೆಯಲ್ಲಿ ಕೂತ ಸೂಕ್ಷ್ಮಜೀವಿಗೆ ಕ್ಲೋರಿನ್ ತಟ್ಟುವುದು ಕಷ್ಟ. ಈ ಮಿತಿಯ ಹಿಂದೆ ಇರುವುದು ಆ ಕಾಳಜಿ.

ಉಪಕರಣಕ್ಕೆ ಹೋಲಿಸಿ ನೋಡಲು ಗೊತ್ತಿರುವ ಬಗ್ಗಡವೊಂದು ಬೇಕು. ಅದೇ ಫಾರ್ಮಜಿನ್. ಇದನ್ನು ಹಿಂದಿನ ದಿನವೇ ಮಾಡಿಟ್ಟಿರಬೇಕು. 1 ಗ್ರಾಂ ಹೈಡ್ರಜೀನ್ ಸಲ್ಫೇಟನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ 100 ಮಿಲಿ ಮಾಡಬೇಕು. 10 ಗ್ರಾಂ ಹೆಕ್ಸಮಿನ್ ಇನ್ನೊಂದು 100 ಮಿಲಿಯಲ್ಲಿ. ಎರಡರಿಂದಲೂ 5 ಮಿಲಿ ತೆಗೆದು ಬೆರೆಸಿ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 24 ಗಂಟೆ ಅಲುಗಾಡಿಸದೆ ಬಿಟ್ಟರೆ ಹಾಲುಬಿಳಿಯ 4000 ಎನ್‌ಟಿಯು ದ್ರವ ಸಿಗುತ್ತದೆ. ಅದರ 1 ಮಿಲಿಯನ್ನು 100 ಮಿಲಿಗೆ ಏರಿಸಿದರೆ 40. ಮಳೆಗಾಲದ ಥಂಡಿಯಲ್ಲಿ ಲ್ಯಾಬ್ 25ಕ್ಕಿಂತ ಕೆಳಗೆ ಇಳಿಯುವುದು ಮಾಮೂಲು, ಅದಕ್ಕೆ ಇನ್‌ಕ್ಯುಬೇಟರಿನಲ್ಲಿಟ್ಟೆವು. ಹೈಡ್ರಜೀನ್ ಸಲ್ಫೇಟ್ ಕ್ಯಾನ್ಸರ್ ತರಬಲ್ಲ ವಿಷ. ಕೈಗವಸು ಹಾಕಿಯೇ ತೂಗಬೇಕು, ಪಿಪೆಟ್ಟನ್ನು ಬಾಯಲ್ಲಿ ಎಳೆಯಲೇಬಾರದು. ಶಾಲೆಗಳಲ್ಲಿ ಇದನ್ನು ಮಕ್ಕಳ ಕೈಯಿಂದ ಮಾಡಿಸುವುದು ಬೇಡ, ಸಿದ್ಧ ಫಾರ್ಮಜಿನ್ ಕೊಳ್ಳುವುದೇ ಸರಿ. ದುರ್ಬಲಗೊಳಿಸಿದ ದ್ರವ ಬಹಳ ದಿನ ನಿಲ್ಲುವುದಿಲ್ಲ. ಕಣಗಳು ತಳ ಸೇರುತ್ತವೆ, ಒಂದಕ್ಕೊಂದು ಅಂಟುತ್ತವೆ. ಆ ದಿನದ್ದು ಆ ದಿನವೇ.

ಹೊಳೆಯಲ್ಲಿ ನೀರು ತುಂಬಿಕೊಳ್ಳುವುದಕ್ಕೂ ಒಂದು ಶಿಸ್ತಿದೆ. ಬಾಟಲಿಯನ್ನು ಅದೇ ನೀರಿನಿಂದ ಮೂರು ಬಾರಿ ಗಲಬರಿಸಿ, ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದು, ಮೇಲ್ಮೈಯಿಂದ ಒಂದಡಿ ಕೆಳಗೆ ತುಂಬಬೇಕು. ದಡದಲ್ಲಿ ಕಾಲಿಟ್ಟು ಕೆಸರೆದ್ದ ಜಾಗದ್ದು ಬೇಡ. ಮೇಲೆ ಸ್ವಲ್ಪ ಖಾಲಿ ಬಿಡಬೇಕು, ಇಲ್ಲದಿದ್ದರೆ ಆಮೇಲೆ ತಿರುಗಿಸಿ ಕಲಕಲು ಬರುವುದಿಲ್ಲ. ಬೆಳಕು ಬೀಳದಂತೆ ತಂಪಿನಲ್ಲಿ, 4 ಡಿಗ್ರಿ ಹತ್ತಿರ, ಇಟ್ಟು ತಂದು ಆದಷ್ಟು ಬೇಗ, ಹೆಚ್ಚೆಂದರೆ 48 ಗಂಟೆಯೊಳಗೆ ಅಳೆಯಬೇಕು. ಹೆಪ್ಪುಗಟ್ಟಿಸಿದರೆ ಕಣಗಳು ಮುದ್ದೆಯಾಗಿ ಸ್ಯಾಂಪಲ್ ಕೆಟ್ಟಿತು.

ತಂಪಿನ ಡಬ್ಬಿಯಿಂದಲೇ ಮೊದಲ ತೊಡಕು ಶುರು. ತಣ್ಣನೆಯ ನೀರನ್ನು ಸೆಲ್ಲಿಗೆ ತುಂಬಿ ಮೀಟರಿಗೆ ಇಟ್ಟರೆ ಅಂಕಿ ಏರುತ್ತಲೇ ಹೋಗುತ್ತದೆ. ಮಲೆನಾಡಿನ ಆಷಾಢದ ಗಾಳಿಯಲ್ಲಿ ತೇವ ತುಂಬಿ ತುಳುಕುತ್ತಿರುವಾಗ ತಣ್ಣನೆಯ ಗಾಜಿನ ಹೊರಗೆ ಕ್ಷಣದಲ್ಲಿ ಇಬ್ಬನಿ ಕಟ್ಟುತ್ತದೆ, ಆ ಹನಿಗಳೇ ಬೆಳಕನ್ನು ಚದುರಿಸುತ್ತವೆ. ಒರೆಸಿದರೆ ಮತ್ತೆ ಕಟ್ಟುತ್ತದೆ. ಬಾಟಲಿ ಕೋಣೆಯ ಉಷ್ಣಕ್ಕೆ ಬರುವವರೆಗೆ ಕಾಯುವುದೊಂದೇ ದಾರಿ. ಹಾಗೆ ಬೆಚ್ಚಗಾಗುವಾಗ ನೀರಿನಲ್ಲಿ ಕರಗಿದ್ದ ಗಾಳಿ ಸಣ್ಣ ಗುಳ್ಳೆಗಳಾಗಿ ಗಾಜಿನ ಒಳಮೈಗೆ ಅಂಟುತ್ತದೆ. ಗುಳ್ಳೆ ಕೂಡ ಮೀಟರಿನ ಕಣ್ಣಿಗೆ ಕಣವೇ. ಬಾಟಲಿಯನ್ನು ಜೋರಾಗಿ ಕುಲುಕಬಾರದು. ಮೆಲ್ಲಗೆ ಮಗುಚಿ ಮಗುಚಿ ಕಲಕಿ, ಸೆಲ್ಲಿನ ಗೋಡೆಗುಂಟ ನೀರಿಳಿಸಿ, ಗುಳ್ಳೆ ಬಿಡಲು ತುಸು ಹೊತ್ತು ಕೊಡಬೇಕು. ಆದರೆ ಹೆಚ್ಚು ಕಾದರೆ ದಪ್ಪ ಮಣ್ಣು ತಳಕ್ಕೆ ಇಳಿದುಬಿಡುತ್ತದೆ! ತಿಳಿನೀರಿಗೆ ತಾಳ್ಮೆ, ಕೆನ್ನೀರಿಗೆ ಚುರುಕು. ಎರಡಕ್ಕೂ ಒಂದೇ ಗಡಿಯಾರ ಹಿಡಿಯಬಾರದು.

ಸೆಲ್ಲಿನ ಗಾಜಿನ ವಿಷಯಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆ. 1 ಎನ್‌ಟಿಯುಗಿಂತ ಕೆಳಗಿನ ನೀರಿನಲ್ಲಿ ಒಂದು ಬೆರಳಚ್ಚು ನೀರಿನ ಕಣಗಳಿಗಿಂತ ಹೆಚ್ಚು ಬೆಳಕು ಚದುರಿಸಬಲ್ಲದು. ಸೆಲ್ಲನ್ನು ಮುಚ್ಚಳದ ಕಡೆಯಲ್ಲೇ ಹಿಡಿಯಬೇಕು. ಸೋಪಿನಿಂದ ತೊಳೆದು, ಭಟ್ಟಿ ನೀರಿನಲ್ಲಿ ಹಲವು ಸಲ ಗಲಬರಿಸಿ, ನೂಲು ಬಿಡದ ಬಟ್ಟೆಯಿಂದ ಹೊರಗೆ ಒರೆಸಬೇಕು. ಬೈರಾಸಿನಲ್ಲಿ ಒರೆಸಿದರೆ ನೂಲೆಳೆ ಅಂಟಿ ಬೇರೆಯೇ ಕಥೆ. ಹಳೆಯ ಸೆಲ್ಲುಗಳಲ್ಲಿ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಅದಕ್ಕೆ ಒಂದು ಹನಿ ಸಿಲಿಕೋನ್ ಎಣ್ಣೆ ಹಚ್ಚಿ, ಒಣಗಿದೆಯೋ ಎಂಬಷ್ಟು ತೆಳ್ಳಗೆ ಒರೆಸಬೇಕು. ಎಣ್ಣೆಯ ವಕ್ರೀಭವನಾಂಕ ಸುಮಾರು 1.40, ಗಾಜಿನದು 1.47ರ ಆಸುಪಾಸು, ಗಾಳಿಯದು 1. ಗೀರಿನಲ್ಲಿ ಗಾಳಿಯ ಬದಲು ಎಣ್ಣೆ ತುಂಬಿದಾಗ ಬೆಳಕಿಗೆ ಗಾಜಿನ ಅಂಚು ಅಷ್ಟು ಗಡುಸಾಗಿ ತಾಕುವುದಿಲ್ಲ, ಗೀರು ಹೆಚ್ಚುಕಡಿಮೆ ಮಾಯವಾಗುತ್ತದೆ. ಗಾಜು ಎಲ್ಲ ಕಡೆಗೂ ಒಂದೇ ಸಮ ಇರುವುದೂ ಇಲ್ಲ. 0.2 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಪೊರೆಯಲ್ಲಿ ಸೋಸಿದ ನೀರು ತುಂಬಿ, ಸೆಲ್ಲನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಅಂಕಿ ಎಲ್ಲಿ ಅತಿ ಕಡಿಮೆಯೋ ಅಲ್ಲಿ ಕತ್ತಿನ ಮೇಲೆ ಗುರುತು ಹಾಕಿದೆವು. ಆಮೇಲಿನ ಎಲ್ಲ ಅಳತೆಯಲ್ಲೂ ಆ ಗುರುತು ಒಂದೇ ದಿಕ್ಕಿಗೆ. ಸೋಸಿದ ನೀರೂ ಸೊನ್ನೆ ತೋರಿಸುವುದಿಲ್ಲ. ನೀರಿನ ಅಣುಗಳೇ ಚೂರು ಬೆಳಕು ಚದುರಿಸುತ್ತವೆ, ಅದು 0.02 ಎನ್‌ಟಿಯು ಆಸುಪಾಸಿನದು. ಯಾರಾದರೂ 0.00 ಬರೆದುಕೊಂಡು ಬಂದರೆ ಮೀಟರಿನ ಸೊನ್ನೆ ತಪ್ಪಾಗಿದೆ ಎಂದೇ ತಿಳಿಯಬೇಕು.

ಇಷ್ಟಾದ ಮೇಲೆ ಹೊಳೆ ನೀರಿನ ಸರದಿ. ಕೆನ್ನೀರನ್ನು ನೇರವಾಗಿ ಇಟ್ಟಾಗ ಬರುವ ಅಂಕಿಯನ್ನು ಹಾಗೇ ಬರೆದುಕೊಳ್ಳಬಾರದು. ಕಣ ತೀರ ದಟ್ಟವಾದಾಗ ಒಂದು ಕಣ ಚದುರಿಸಿದ ಬೆಳಕನ್ನು ಇನ್ನೊಂದು ಮತ್ತೆ ಚದುರಿಸುತ್ತದೆ, ಮತ್ತೊಂದು ತಡೆಯುತ್ತದೆ, ಗ್ರಾಹಿಗೆ ತಲುಪುವುದು ಕಡಿಮೆಯಾಗುತ್ತದೆ. ಬರೀ 90 ಡಿಗ್ರಿ ಗ್ರಾಹಿ ಇರುವ ಮೀಟರಿನಲ್ಲಿ ಒಂದು ಹಂತ ದಾಟಿದ ಮೇಲೆ ರಾಡಿ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ, ಎರಡು ಬೇರೆ ಬೇರೆ ನೀರು ಒಂದೇ ಅಂಕಿ ಕೊಡುತ್ತವೆ. ಆದ್ದರಿಂದ 40 ದಾಟಿದ ನೀರನ್ನು ತೆಳುಮಾಡಬೇಕು. 10 ಮಿಲಿಯನ್ನು 100 ಮಿಲಿಗೆ ಏರಿಸಿದಾಗ 22 ಬಂದರೆ ಮೂಲ ನೀರು 220. ತೆಳುಮಾಡುವ ನೀರು ಸೋಸಿದ್ದೇ ಆಗಿರಬೇಕು. ಅದೇ ಹೊಳೆಯ ನೀರನ್ನು ಪೊರೆಯಲ್ಲಿ ಸೋಸಿ ಬಳಸಿದರೆ ಇನ್ನೂ ಒಳ್ಳೆಯದು, ಲವಣಗಳು ಬದಲಾಗದೆ ಕಣಗಳು ಇದ್ದ ಹಾಗೇ ಇರುತ್ತವೆ. ಹತ್ತು ಪಟ್ಟು ಮತ್ತು ಇಪ್ಪತ್ತು ಪಟ್ಟು, ಎರಡೂ ಮಾಡಿ ಲೆಕ್ಕ ಹಾಕಿ. ಎರಡು ಉತ್ತರ ಹೊಂದಿದರೆ ಸರಿ. ಇಪ್ಪತ್ತು ಪಟ್ಟಿನದು ಹೆಚ್ಚು ಬಂದರೆ ಮೊದಲಿನದು ಇನ್ನೂ ದಟ್ಟವಾಗಿತ್ತು ಎಂದರ್ಥ. ಈ ಪರೀಕ್ಷೆಯನ್ನು ಬಿಡುವವರೇ ಹೆಚ್ಚು, ಬಿಡಬಾರದು.

ಅಂಕಿಯನ್ನು ಮಣ್ಣಿನ ತೂಕ ಎಂದು ಓದುವವರೂ ಬಹಳ. ನಮ್ಮ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಬೆಳಕು ತೂಕವನ್ನು ಕಾಣುವುದಿಲ್ಲ, ಕಣದ ಮೈಯನ್ನು ಕಾಣುತ್ತದೆ. ಒಂದು ಗ್ರಾಂ ಮಣ್ಣು 50 ಮೈಕ್ರಾನಿನ ಕಣಗಳಾಗಿದ್ದರೆ ಬೆಳಕಿಗೆ ಎಷ್ಟು ಅಡ್ಡ ಬರುತ್ತದೋ, ಅದೇ ಒಂದು ಗ್ರಾಂ 2 ಮೈಕ್ರಾನಿನ ಜೇಡಿಯಾದರೆ ಸುಮಾರು 25 ಪಟ್ಟು ಅಡ್ಡ ಬರುತ್ತದೆ. ಇಳಿಯುವ ವೇಗದ್ದು ಇದಕ್ಕಿಂತ ದೊಡ್ಡ ಅಂತರ. ನಿಂತ ನೀರಿನಲ್ಲಿ 50 ಮೈಕ್ರಾನಿನ ಕಣ 10 ಸೆಂಟಿಮೀಟರ್ ಇಳಿಯಲು ಮುಕ್ಕಾಲು ನಿಮಿಷ ಸಾಕು. 2 ಮೈಕ್ರಾನಿನದಕ್ಕೆ ಎಂಟು ಗಂಟೆಯ ಹತ್ತಿರ ಬೇಕು. ಹಾಗಾಗಿ ಬಕೆಟ್ಟಿನಲ್ಲಿ ರಾತ್ರಿಯಿಡೀ ನಿಲ್ಲಿಸಿದ ಕೆನ್ನೀರಿನ ತಳದಲ್ಲಿ ಮಣ್ಣು ಕೂತರೂ ಮೇಲಿನ ನೀರಿನ ಎನ್‌ಟಿಯು ಅದೇ ಪ್ರಮಾಣದಲ್ಲಿ ಇಳಿದಿರುವುದಿಲ್ಲ. ತೂಕ ಬೇಕಿದ್ದರೆ ಸೋಸುಕಾಗದದಲ್ಲಿ ಸೋಸಿ, ಒಣಗಿಸಿ, ತೂಗಲೇಬೇಕು. ಒಂದೇ ಜಾಗದ ನೀರಿಗೆ ಹಾಗೆ ಅನೇಕ ಸಲ ತೂಗಿ ಎನ್‌ಟಿಯು ಜೊತೆ ಹೊಂದಿಸಿಕೊಂಡರೆ ಆ ಜಾಗಕ್ಕೆ ಮಾತ್ರ ಒಂದು ಲೆಕ್ಕ ಸಿಗುತ್ತದೆ. ಗಾಜನೂರಿನ ಲೆಕ್ಕವನ್ನು ಕೂಡಲಿಗೆ ಹಚ್ಚಲಾಗದು. ಗಾಜನೂರಿನದು 3.24 ಟಿಎಂಸಿಯ ಸಣ್ಣ ಕಟ್ಟೆ, ಮಳೆಗಾಲದಲ್ಲಿ ಬಂದ ನೀರು ನಿಲ್ಲದೆ ಗೇಟಿನಿಂದ ಹೊರಗೆ. ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿಎಂಸಿಯದು, ದಪ್ಪ ಹೂಳು ಅಲ್ಲೇ ಉಳಿಯುತ್ತದೆ. ತುಂಗೆಯೂ ಭದ್ರೆಯೂ ಸೇರುವ ಕೂಡಲಿಯಲ್ಲಿ ಯಾವ ದಡದಿಂದ ತುಂಬಿದಿರಿ ಎನ್ನುವುದನ್ನು ಬಾಟಲಿಯ ಮೇಲೆ ಬರೆಯದಿದ್ದರೆ ಆ ಸ್ಯಾಂಪಲ್ಲಿಗೆ ಬೆಲೆಯೇ ಇಲ್ಲ.

ತೀರ್ಥಹಳ್ಳಿ ಕಡೆಯ ಕಾಡುಹಳ್ಳಗಳ ನೀರಿಗೆ ಇನ್ನೊಂದು ಗುಣವಿದೆ. ಕೊಳೆತ ತರಗೆಲೆಯಿಂದ ಇಳಿದ ಕಂದುಬಣ್ಣ. ಅದು ಕರಗಿದ ಬಣ್ಣ, ಕಣವಲ್ಲ. 0.45 ಮೈಕ್ರಾನಿನ ಪೊರೆಯಲ್ಲಿ ಸೋಸಿದರೂ ಹೋಗುವುದಿಲ್ಲ, ಹಾಗೆಯೇ ಅದನ್ನು ಪತ್ತೆಹಚ್ಚುವುದು. ಟಂಗ್‌ಸ್ಟನ್ ದೀಪದ ಮೀಟರಿನಲ್ಲಿ ಈ ಬಣ್ಣ ಬೆಳಕನ್ನು ಹೀರಿ ಅಂಕಿಯನ್ನು ಕಡಿಮೆ ತೋರಿಸುತ್ತದೆ. 860 ನ್ಯಾನೋಮೀಟರಿನ ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಎಲ್‌ಇಡಿ ಇರುವ ಮೀಟರಿಗೆ ಬಣ್ಣದ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೂ ಒಂದು ಕೊರತೆ ಇದೆ: ಬೆಳಕಿನ ತರಂಗಕ್ಕಿಂತ ಬಹಳ ಸಣ್ಣ ಕಣಗಳು ಚದುರಿಸುವುದು ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮವಾಗಿ, ಎಂದರೆ 430 ನ್ಯಾನೋಮೀಟರಿನ ನೀಲಿಗಿಂತ 860ರಲ್ಲಿ ಹದಿನಾರು ಪಟ್ಟು ಕಡಿಮೆ. ಅತಿ ನವಿರು ಕಣ ಅದಕ್ಕೆ ಅಷ್ಟಾಗಿ ಕಾಣದು. ಮಲೆನಾಡಿನ ಹಳ್ಳಗಳಿಗೆ ನಾವು ಅವಕೆಂಪಿನದನ್ನೇ ಆರಿಸುತ್ತೇವೆ. ಯಾವುದರಲ್ಲಿ ಅಳೆದರೂ ಅಂಕಿಯ ಪಕ್ಕ ಯಾವ ದೀಪ ಎಂದು ಬರೆದಿಡಬೇಕು.

ಶಾಲೆಯ ವಿಜ್ಞಾನ ಸಂಘದವರು ಮೀಟರನ್ನು ತಾವೇ ಮಾಡಬಹುದು. ಪಿವಿಸಿ ಪೈಪಿನ ತುಂಡು, 850 ನ್ಯಾನೋಮೀಟರಿನ ಎಲ್‌ಇಡಿ, 5 ವೋಲ್ಟಿಗೆ 180 ಓಮ್ ರೆಸಿಸ್ಟರ್ (ಸುಮಾರು 20 ಮಿಲಿಆಂಪ್ ಹರಿಯುತ್ತದೆ), ಬಿಪಿಡಬ್ಲ್ಯೂ34 ಫೋಟೊಡಯೋಡ್, ಅದರ ಸಣ್ಣ ಸಂಕೇತವನ್ನು ಹಿಗ್ಗಿಸುವ ಒಂದು ಆಪ್-ಆಂಪ್, ಅದನ್ನು ಓದುವ ಒಂದು ಆರ್ಡುಯಿನೋ ಬೋರ್ಡ್. ಇಲ್ಲಿ ಬಹಳ ಜನ ಬೆಳಕಿಗೆ ತಕ್ಕಂತೆ ತಡೆ ಬದಲಾಗುವ ಎಲ್‌ಡಿಆರ್ ಹಾಕಿ ಸೋಲುತ್ತಾರೆ; ಅದರ ಸಂವೇದನೆ ಹಸಿರು ಬೆಳಕಿನ ಸುತ್ತ ಇರುವುದರಿಂದ ಅವಕೆಂಪು ಅದಕ್ಕೆ ಕತ್ತಲೆಯ ಹಾಗೇ. ಎಲ್‌ಇಡಿ ಆರಿಸಿ ಒಮ್ಮೆ, ಹೊತ್ತಿಸಿ ಒಮ್ಮೆ ಓದಿ ಕಳೆದರೆ ಹೊರಗಿನ ಬೆಳಕು ಹೋಗುತ್ತದೆ. ಟ್ಯೂಬ್‌ಲೈಟಿನ ಮಿಡಿತ ಹೋಗಲು 20 ಮಿಲಿಸೆಕೆಂಡಿನ ಪೂರ್ಣ ಗುಣಕದಷ್ಟು ಹೊತ್ತು ಸರಾಸರಿ ಮಾಡಿ. ಪೈಪಿನ ಒಳಗೆ ಕಪ್ಪು ಬಳಿಯಬೇಕು, ಆದರೆ ಕಣ್ಣಿಗೆ ಕಪ್ಪಾಗಿ ಕಾಣುವ ಬಣ್ಣವೆಲ್ಲ ಅವಕೆಂಪಿಗೆ ಕಪ್ಪಲ್ಲ, ಬಳಿದ ಮೇಲೆ ಖಾಲಿ ಪೈಪಿನ ಓದು ನೋಡಿಯೇ ನಂಬಿ.

ಮಧ್ಯಾಹ್ನದ ಮೇಲೆ, ನೀರು ತಿಳಿಯಾಗಲು ಎಷ್ಟು ಪಟಿಕ ಬೇಕೆಂದು ನೋಡುವ ಪರೀಕ್ಷೆ. 10 ಗ್ರಾಂ ಪಟಿಕ ಒಂದು ಲೀಟರ್ ನೀರಿನಲ್ಲಿ. ಅದರ 1 ಮಿಲಿ ಒಂದು ಲೀಟರ್ ಹೊಳೆ ನೀರಿಗೆ ಹಾಕಿದರೆ 10 ಮಿಲಿಗ್ರಾಂ. ಸಾಲು ಬೀಕರುಗಳಲ್ಲಿ ಹತ್ತರಿಂದ ಅರವತ್ತರವರೆಗೆ ಏರಿಸುತ್ತ ಹೋಗಿ, ಒಂದು ನಿಮಿಷ 100 ಸುತ್ತಿನ ವೇಗದಲ್ಲಿ, ಆಮೇಲೆ ಕಾಲು ಗಂಟೆ 30ರಲ್ಲಿ ತಿರುಗಿಸಿ, ಅರ್ಧ ಗಂಟೆ ನಿಲ್ಲಿಸಿ ಮೇಲಿನ ನೀರನ್ನು ಅಳೆದೆವು. ಪಟಿಕ ಹೆಚ್ಚಿದಂತೆ ಅಂಕಿ ಇಳಿಯುತ್ತ ಬಂದು, ಕೊನೆಯ ಬೀಕರುಗಳಲ್ಲಿ ಮತ್ತೆ ಏರಿತು. ಇದಕ್ಕೆ ಕಾರಣ ಎರಡಿರಬಹುದು. ಋಣ ವಿದ್ಯುದಂಶವಿರುವ ಜೇಡಿಕಣದ ಮೇಲೆ ಅಲ್ಯೂಮಿನಿಯಂ ಅತಿಯಾಗಿ ಕೂತು ಅದು ಧನವಾದರೆ ಕಣಗಳು ಮತ್ತೆ ಒಂದನ್ನೊಂದು ದೂಡುತ್ತವೆ. ಎರಡನೆಯದು ತುಂಗೆಯಂಥ ಮೆದು ನೀರಿಗೆ ಹೆಚ್ಚು ಸಲ್ಲುತ್ತದೆ: 1 ಮಿಲಿಗ್ರಾಂ ಪಟಿಕ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರತೆಯನ್ನು (ಆಮ್ಲವನ್ನು ತಡೆದುಕೊಳ್ಳುವ ಗುಣ) ತಿನ್ನುತ್ತದೆ, ಇರುವ ಅಷ್ಟಿಷ್ಟು ಕ್ಷಾರತೆ ಮುಗಿದರೆ ಪಿಎಚ್ ಕುಸಿದು ಗಸಿ (ಕಣಗಳು ಅಂಟಿಕೊಂಡ ಮುದ್ದೆ) ಕಟ್ಟುವುದೇ ಇಲ್ಲ. ಪಿಎಚ್ ನೋಡಿದರೆ ಯಾವುದೆಂದು ತಿಳಿಯುತ್ತದೆ. 6ಕ್ಕಿಂತ ಕೆಳಗಿಳಿದಿದ್ದರೆ ಪಟಿಕ ಕಡಿಮೆ ಮಾಡುವುದಕ್ಕೆ ಮೊದಲು ಚೂರು ಸುಣ್ಣದ ತಿಳಿ ಹಾಕಿ ಮತ್ತೆ ಅಳೆಯಬೇಕು.

ಬೋರ್‌ವೆಲ್ ಬಾಟಲಿ ಕೊನೆಗೆ ಉಳಿದಿತ್ತು, ಮತ್ತು ಅದರಲ್ಲಿ ಕೆಂಬಣ್ಣದ ಮೋಡ ಕಟ್ಟಿತ್ತು. “ತುಂಬುವಾಗ ತಿಳಿಯಾಗೇ ಇತ್ತು ಮಾರಾಯ್ರೆ” ಎಂದು ತಂದ ಯಜಮಾನರು ಬಾಟಲಿಯನ್ನೇ ನೋಡಿದರು. ಅವರ ಮಾತು ನಿಜ. ಜಂಬಿಟ್ಟಿಗೆ ನೆಲದ ಆಳದ ನೀರಿನಲ್ಲಿ ಕಬ್ಬಿಣ ಕರಗಿದ ರೂಪದಲ್ಲಿರುತ್ತದೆ, ಬೆಳಕಿಗೆ ಕಾಣುವುದಿಲ್ಲ. ಗಾಳಿ ಸೋಕಿದ ಮೇಲೆ ಆಕ್ಸಿಜನ್ ಜೊತೆ ಸೇರಿ ಕರಗದ ಕೆಂಪು ಕಣವಾಗುತ್ತದೆ. ಇಂಥ ನೀರಿಗೆ ಲ್ಯಾಬಿನ ಅಂಕಿ ಒಂದೇ ಸಾಲದು. ಮೀಟರನ್ನೇ ತೋಟಕ್ಕೆ ಒಯ್ದು, ಪಂಪು ಸ್ವಲ್ಪ ಹೊತ್ತು ಓಡಿದ ಮೇಲೆ ಕೊಳವೆಯಿಂದ ನೇರ ತುಂಬಿ ತಕ್ಷಣ ಒಮ್ಮೆ, ಬಾಯಿ ತೆರೆದಿಟ್ಟು ಒಂದು ಗಂಟೆಯ ಮೇಲೆ ಒಮ್ಮೆ, ಮರುದಿನ ಒಮ್ಮೆ ಅಳೆದು, ಮೂರನ್ನೂ ಹೊತ್ತಿನ ಸಮೇತ ಬರೆದಿಡಬೇಕು. ಮೊದಲನೆಯದು ಕಡಿಮೆ ಇದ್ದು ಮುಂದಿನವು ಏರಿದರೆ ಕಬ್ಬಿಣ. ಮೊದಲನೆಯದೇ ಹೆಚ್ಚಿದ್ದರೆ ಕೇಸಿಂಗ್ ಪೈಪಿನ ಸಂದಿಯಿಂದ ಮಣ್ಣು ಇಳಿಯುತ್ತಿದೆಯೇ ಎಂದು ನೋಡಬೇಕು. ಮುಂದಿನ ವಾರ ಮೀಟರ್ ತರುವುದಾಗಿ ಅವರಿಗೆ ಹೇಳಿ, ಸೆಲ್ಲುಗಳನ್ನು ತೊಳೆದು, 40ರ ಫಾರ್ಮಜಿನ್ನನ್ನು ಮತ್ತೊಮ್ಮೆ ಇಟ್ಟು ಮೀಟರ್ ಬೆಳಗಿನ ಅಂಕಿಯಲ್ಲೇ ನಿಂತಿದೆ ಎಂದು ನೋಡಿದೆವು.